ಕಿಂಡಿಯಿಲ್ಲದ ಗೋಡೆ

ಪೆರೀನಾ ಗಾಳಿಯ ಬಗ್ಗೆ ಮಾತನಾಡುವುದು ಕಡಿಮೆ. ನಮ್ಮ ಪಾಗ್ ದ್ವೀಪದಲ್ಲಿ ನವೆಂಬರಿನಿಂದ ಮಾರ್ಚಿನವರೆಗೆ ಉಳಿದವರ ಬಾಯಲ್ಲಿ ಬೇರೆ ವಿಷಯವೇ ಇರುವುದಿಲ್ಲ. ಆಕೆ ಮಾತ್ರ ಬೆಳಿಗ್ಗೆ ಬಾಗಿಲು ತೆರೆದು, ಜಲಸಂಧಿಯ ಆಚೆ ನಿಂತಿರುವ ವೆಲೆಬಿಟ್ ಬೆಟ್ಟದ ನೆತ್ತಿಯನ್ನು ಒಮ್ಮೆ ನೋಡುತ್ತಾಳೆ. ನೋಡಿದ ಮೇಲೆ ತಲೆವಸ್ತ್ರದ ಗಂಟನ್ನು ಇನ್ನೊಂದಿಷ್ಟು ಬಿಗಿದುಕೊಂಡಳೆಂದರೆ, ಬೀದಿಯವರು ಒಣಹಾಕಿದ ಬಟ್ಟೆಯನ್ನು ಒಳಗೆ ತರುತ್ತಾರೆ. ದೋಣಿಯಿದ್ದವರು ಇನ್ನೊಂದು ಹಗ್ಗ ಹುಡುಕುತ್ತಾರೆ. ಊರ ಶಾಲೆಯಲ್ಲಿ ಮೇಷ್ಟ್ರಾಗಿದ್ದ ನಾನು ಇಪ್ಪತ್ತೊಂದು ವರ್ಷಗಳಿಂದ ದಿನಕ್ಕೆ ಮೂರು ಸಲ ಹವೆಯ ಲೆಕ್ಕ ಬರೆದಿಡುತ್ತಾ ಬಂದವನು. ಆಕೆಯ ಗಂಟು ನನ್ನ ವಾಯುಭಾರಮಾಪಕಕ್ಕಿಂತ ಸರಾಸರಿ ಎರಡು ಗಂಟೆ ಮುಂದಿದೆ ಎಂಬುದು ನನ್ನ ಪುಸ್ತಕಗಳಿಂದಲೇ ಗೊತ್ತಾಗುತ್ತದೆ.

ನಾನು ಹೇಳಹೊರಟ ಚಳಿಗಾಲದಲ್ಲಿ ಆಕೆಗೆ ಅರವತ್ತೊಂದು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಎದುರು ದಂಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದವಳು. ಆ ದಿನವೂ ಬೆಟ್ಟದಿಂದ ಬೂರಾ ಗಾಳಿ ಇಳಿದಿತ್ತು. ದಿಬ್ಬಣದ ದೋಣಿ ಎರಡು ದಿನ ಹೊರಡಲಾಗಲಿಲ್ಲ. ವಧು ಇಳಿಯುವ ಹೊತ್ತಿಗೆ ನೆಂಟರು ಕುರಿಮರಿಗಳನ್ನು ತಿಂದು ಮುಗಿಸಿ, ಉಳಿದ ಚೀಸನ್ನು ಆಕೆಯ ಮುಂದಿಟ್ಟರಂತೆ. "ಒಳ್ಳೇದೇ ಆಯ್ತು, ಮೊದಲ ದಿನವೇ ಅತ್ತೆಮನೆ ಚೀಸಿನ ರುಚಿ ಗೊತ್ತಾಯ್ತು" ಎಂದಷ್ಟೇ ಆಕೆ ಅದನ್ನು ಹೇಳುತ್ತಾಳೆ. ಗಂಡ ದೂಮೆ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು. ಅವನು ಬಿಟ್ಟುಹೋದದ್ದು ಆ ಚಳಿಗಾಲಕ್ಕೆ ಮೂವತ್ತೇಳು ಹೆಣ್ಣುಕುರಿಗಳಾಗಿದ್ದ ಒಂದು ಹಿಂಡು, ಮತ್ತು 'ಮೂಗು' ಎಂದು ನಾವೆಲ್ಲ ಕರೆಯುವ ಒಂದು ಬೋಳು ಹುಲ್ಲುಗಾವಲು.

ಮೂಗು ಸಮುದ್ರದೊಳಕ್ಕೆ ಚಾಚಿದ ಬಂಡೆ. ಪೂರ್ವಕ್ಕೆ ವೆಲೆಬಿಟ್, ಪಶ್ಚಿಮಕ್ಕೆ ಕಡಿದು ಬಿದ್ದ ದಡ; ಕೆಳಗೆ ಹತ್ತಾಳುದ್ದದಲ್ಲಿ ನೀರು. ಕುರಿಗಳು ಬೂರಾಕ್ಕೆ ಎದುರಾಗಿ ನಿಲ್ಲುವುದಿಲ್ಲ. ಬೆನ್ನು ತಿರುಗಿಸಿ, ಗಾಳಿ ತಳ್ಳಿದ ಕಡೆಗೆ ಹೆಜ್ಜೆ ಹಾಕುತ್ತಾ ಹೋಗುತ್ತವೆ, ದಡ ಮುಗಿದರೂ ಹೋಗುತ್ತವೆ. ಹಾಗಾಗದಂತೆ ಗಾವಲಿನ ನಡುವೆ ನಲವತ್ತು ಹೆಜ್ಜೆ ಉದ್ದದ, ಎದೆಯೆತ್ತರದ ಒಂದು ಕಲ್ಲುಗೋಡೆ. ಗಾಳಿ ಬಂದಾಗ ಹಿಂಡು ಅದರ ಪಶ್ಚಿಮದ ಮಗ್ಗುಲಿಗೆ ಒತ್ತಿಕೊಂಡು ಮಲಗುತ್ತದೆ.

ದೂಮೆಯ ಗೋಡೆ ನಮ್ಮೂರಿನ ಎಲ್ಲ ಗೋಡೆಗಳಂತೆಯೇ ಇತ್ತು. ಒಂದೇ ಸಾಲು ಕಲ್ಲು, ಮಣ್ಣಿಲ್ಲ, ಗಾರೆಯಿಲ್ಲ, ಕಲ್ಲು ಕಲ್ಲಿನ ನಡುವೆ ಬೇಕೆಂದೇ ಬಿಟ್ಟ ಕಿಂಡಿಗಳು. ಗೋಡೆಯ ಹಿಂದೆ ಕುಳಿತವನಿಗೆ ಅದರೊಳಗಿಂದಲೇ ಆಚೆಯ ಸಮುದ್ರ ಚೂರುಚೂರಾಗಿ ಕಾಣಬೇಕು. ಕಿಂಡಿಗಳಲ್ಲಿ ನುಸುಳಿದ ಬೂರಾ ಸೀಳಿಹೋಗಿ, ಕುರಿಗಳ ಬಳಿಗೆ ಬರುವಾಗ ಬರಿಯ ಚಳಿಗಾಳಿಯಾಗಿರುತ್ತದೆ. ಚಳಿಗಾಲದಲ್ಲಿ ಮೂರೋ ನಾಲ್ಕೋ ಕಲ್ಲು ಉರುಳುತ್ತವೆ, ವಸಂತದಲ್ಲಿ ಎತ್ತಿಡುತ್ತೇವೆ.

ಹಿಂದಿನ ಜುಲೈಯಲ್ಲಿ ಪೆರೀನಾ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಮೂರು ವಾರ ಝಾದರ್ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಆಗಲೇ ದೂಮೆಯ ತಮ್ಮ ಗಾಶ್ಪರ್ ಆ ಗೋಡೆಯನ್ನು ಹೊಸದಾಗಿ ಕಟ್ಟಿದ. ಗಾಶ್ಪರ್ ಹದಿನೇಳಕ್ಕೆ ಊರು ಬಿಟ್ಟವನು. ಅಲ್ಲಿ ಇಲ್ಲಿ ದುಡಿದು, ಕೊನೆಗೆ ಜರ್ಮನಿಯಲ್ಲಿ ಮೂವತ್ತನಾಲ್ಕು ವರ್ಷ ಗಾರೆ ಕೆಲಸ ಮಾಡಿ, ನಿವೃತ್ತನಾಗಿ ಮರಳಿದ್ದ. ಅಣ್ಣನ ಗೋಡೆ ನಾಲ್ಕು ಕಡೆ ಕುಸಿದಿದ್ದುದನ್ನು ಕಂಡು ಅವನಿಗೆ ಸಹಿಸಲಾಗಲಿಲ್ಲ. ಮರಳು, ಸಿಮೆಂಟು, ನೀರು ಎಲ್ಲವನ್ನೂ ರಸ್ತೆ ಮುಗಿಯುವಲ್ಲಿಂದ ಹೊತ್ತು, ಒಂಬತ್ತು ದಿನ ಒಬ್ಬನೇ ದುಡಿದ. ಪ್ರತಿಯೊಂದು ಕಿಂಡಿಗೂ ಚಿಕ್ಕಕಲ್ಲು ತುರುಕಿ ಗಾರೆ ಮೆತ್ತಿದ. ಗೋಡೆಯ ನೆತ್ತಿಯುದ್ದಕ್ಕೂ ಗಾರೆಯ ದುಂಡನೆಯ ತಲೆಗಟ್ಟು ಕೊಟ್ಟ. ಅಷ್ಟು ನೇರವಾದ ಗೋಡೆ ದ್ವೀಪದಲ್ಲಿ ಇನ್ನೊಂದಿರಲಿಲ್ಲ.

ಆಸ್ಪತ್ರೆಯಿಂದ ಆಕೆಯನ್ನು ನನ್ನ ಕಾರಿನಲ್ಲಿ ಕರೆತಂದೆನಾದ್ದರಿಂದ, ಆಕೆ ಊರುಗೋಲೂರಿ ಅಲ್ಲಲ್ಲಿ ಕೂತು ಗೋಡೆಯವರೆಗೆ ನಡೆದಾಗ ನಾನೂ ಜೊತೆಗಿದ್ದೆ. ಗಾಶ್ಪರ್ ಟೋಪಿ ತೆಗೆದು ಗೋಡೆಯ ಪಕ್ಕ ನಿಂತಿದ್ದ.

"ಅಣ್ಣ ಇದ್ದಿದ್ರೆ ನೋಡ್ಬೇಕಿತ್ತು ಅತ್ತಿಗೆ. ಇನ್ನು ನೀವು ವರ್ಷಾವರ್ಷ ಕಲ್ಲು ಎತ್ತೋ ಕೆಲಸ ಇಲ್ಲ. ಆಗಿನ ಕಾಲ್ದಲ್ಲಿ ಸಿಮೆಂಟಿಗೆ ಗತಿ ಇರ್ಲಿಲ್ಲ, ತೂತು ಬಿಟ್ಟು ಕಟ್ತಿದ್ರು."

ಪೆರೀನಾ ಊರುಗೋಲನ್ನು ಬದಿಗಿಟ್ಟು ಗೋಡೆಯ ಮೇಲೆ ಅಂಗೈ ಇಟ್ಟಳು. "ತುಂಬಾ ಕಷ್ಟಪಟ್ಟಿದ್ದೀಯ ಗಾಶ್ಪರ್" ಎಂದಳು.

ಮರಳುವಾಗ ಕಾರಿನಲ್ಲಿ ನನಗೆ ಹೇಳಿದಳು: "ಆಚೆ ಕಡೆ ಏನೂ ಕಾಣ್ತಿಲ್ಲ, ಮೇಷ್ಟ್ರೆ."

"ಅವನಿಗೇ ಹೇಳಿ, ಅಕ್ಕ."

"ಹೆಂಗೆ ಹೇಳ್ಲಿ? ಒಂಬತ್ತು ದಿನ ಬಿಸಿಲಲ್ಲಿ ಬೆಂದಿದ್ದಾನೆ. ಅಂಗೈ ನೋಡಿದ್ರಾ? ಸತ್ತ ಅಣ್ಣನ ಹೆಸರಲ್ಲಿ ಕೊಟ್ಟಿದ್ದು. ತಗೊಂಡು ಮುಖಕ್ಕೆ ಎಸೆಯೋಕಾಗುತ್ತಾ?"

ನಮ್ಮಲ್ಲಿ ಉಡುಗೊರೆಯ ತಪ್ಪನ್ನು ಕೊಟ್ಟವನಿಗೆ ಹೇಳುವ ಪದ್ಧತಿಯಿಲ್ಲ. ಸೆಪ್ಟೆಂಬರಿನಲ್ಲಿ ಆಕೆ ಒಬ್ಬಳೇ ಸುತ್ತಿಗೆ ಹಿಡಿದು ಮೂಗಿಗೆ ಹೋಗಿ, ಅರ್ಧ ದಿನ ಬಡಿದು, ಮುಷ್ಟಿ ಹಿಡಿಸುವಷ್ಟು ಒಂದು ತೂತು ಮಾಡಿದಳು. ವಾರದೊಳಗೆ ಗಾಶ್ಪರ್ ಅದನ್ನು ಪತ್ತೆಮಾಡಿ, ಮುಚ್ಚಿ, ಆಕೆಗೇ ಬಂದು ದೂರಿದ: "ಯಾವನೋ ಕಿಡಿಗೇಡಿ ಅತ್ತಿಗೆ. ಈ ಸಲ ಇನ್ನೂ ಗಟ್ಟಿ ಮಾಡಿದ್ದೀನಿ." ಆಕೆ ಅವನಿಗೆ ಕಾಫಿ ಮಾಡಿಕೊಟ್ಟಳು.

ಆ ಚಳಿಗಾಲ ವಿಚಿತ್ರವಾಗಿತ್ತು. ಡಿಸೆಂಬರ್, ಜನವರಿ ಎರಡೂ ತಿಂಗಳು ದಕ್ಷಿಣದ ಒದ್ದೆಗಾಳಿಯಲ್ಲೇ ಕಳೆದವು. ನನ್ನ ಪುಸ್ತಕದಲ್ಲಿ ಬೂರಾ ಬೀಸಿದ ದಿನಗಳು ಒಟ್ಟು ಏಳು. ಅವುಗಳಲ್ಲಿ ಒಂದೂ ಹಂಚು ಎತ್ತುವಷ್ಟು ಬಲವಾಗಿರಲಿಲ್ಲ. ಗೋಡೆ ನಿಂತೇ ಇತ್ತು. ಗಾಶ್ಪರ್ ಅಂಗಡಿಯಲ್ಲಿ ಅದನ್ನು ಎರಡು ಸಲ ಎಲ್ಲರಿಗೂ ನೆನಪಿಸಿದ್ದನ್ನು ನಾನೇ ಕೇಳಿದ್ದೇನೆ.

ಫೆಬ್ರವರಿ ಎಂಟು, ಮಂಗಳವಾರ, ಈಸ್ಟರ್ ಮುಂಚಿನ ಉಪವಾಸದ ದಿನಗಳು ಆರಂಭವಾಗುವ ಹಿಂದಿನ ದಿನ. ಅಂದು ನಮ್ಮೂರ ಚೌಕದಲ್ಲಿ ಹುಲ್ಲಿನ ಮನುಷ್ಯನೊಬ್ಬನನ್ನು ವಿಚಾರಣೆಗೆ ನಿಲ್ಲಿಸಿ, ವರ್ಷವಿಡೀ ಊರಿನಲ್ಲಾದ ಕೆಡುಕುಗಳನ್ನೆಲ್ಲ ಅವನ ತಲೆಗೆ ಕಟ್ಟಿ, ಕೊನೆಗೆ ಸುಡುತ್ತಾರೆ. ದೋಣಿಯ ಯೂರೆ ಹೆಂಡತಿಯ ಕಪ್ಪು ಲಂಗವನ್ನು ನ್ಯಾಯಾಧೀಶನ ನಿಲುವಂಗಿಯಾಗಿ ತೊಟ್ಟು ಆರೋಪಪಟ್ಟಿ ಓದುತ್ತಿದ್ದ. ಯಾರ ಕೋಳಿ ಯಾರ ಪಾತ್ರೆಗೆ ಬಿತ್ತು, ಪಾದ್ರಿಯವರ ಪ್ರವಚನದಲ್ಲಿ ಎಷ್ಟು ಜನ ಗೊರಕೆ ಹೊಡೆದರು ಎಂಬುದೆಲ್ಲ ಆದ ಮೇಲೆ ಹನ್ನೊಂದನೆಯ ಆರೋಪಕ್ಕೆ ಬಂದ.

"ಈ ಹುಲ್ಲುಬಡ್ಡಿಮಗ ನಮ್ಮ ಗಾಶ್ಪರನ ಕೈಗೆ ಅದೆಂಥಾ ಸಿಮೆಂಟು ಕೊಟ್ನೋ, ಬೂರಾ ಈಗ ಮೂಗಿನ ಗೋಡೆ ಮುಂದೆ ಕ್ಯೂ ನಿಲ್ತಿದೆ! ಪಾಸ್‌ಪೋರ್ಟ್ ತೋರಿಸಿ, ಟೋಪಿ ತೆಗೆದು, ಜರ್ಮನ್ ಭಾಷೇಲಿ ಒಪ್ಪಿಗೆ ಕೇಳ್ತಿದೆಯಂತೆ!"

ಚೌಕವೆಲ್ಲ ನಕ್ಕಿತು. ಗಾಶ್ಪರನೂ ನಕ್ಕ. ಮರುಕ್ಷಣ ಅವನ ಕಣ್ಣು ಜನರ ನಡುವೆ ಅತ್ತಿಗೆಯನ್ನು ಹುಡುಕಿತು. ಪೆರೀನಾ ನಗುತ್ತಿದ್ದಳು, ಅವನು ನೋಡಿದ್ದು ಕಂಡು ನಿಲ್ಲಿಸಿದಳು. ಹುಲ್ಲಿನ ಮನುಷ್ಯನಿಗೆ ಬೆಂಕಿ ಇಡುವ ಮೊದಲೇ ಗಾಶ್ಪರ್ ಮನೆಗೆ ಹೋದ.

ಮರುದಿನ ಬುಧವಾರ. ಬೆಳಿಗ್ಗೆ ಆರು ನಲವತ್ತಕ್ಕೆ ನಾನು ಬರೆದುಕೊಂಡದ್ದು ಇಷ್ಟು: ವೆಲೆಬಿಟ್ ನೆತ್ತಿಯ ಉದ್ದಕ್ಕೂ ಬಿಳಿಯ ಮೋಡದ ಟೋಪಿ, ಅಂಚು ಕತ್ತರಿಸಿದಂತೆ ನೇರ, ಉಳಿದ ಆಕಾಶ ಸ್ವಚ್ಛ, ಬೆಟ್ಟದ ಬುಡದಲ್ಲಿ ಸಮುದ್ರ ಕಪ್ಪು, ಶೂನ್ಯಕ್ಕಿಂತ ನಾಲ್ಕು ಡಿಗ್ರಿ ಕೆಳಗೆ, ಗಾಳಿಯಿಲ್ಲ. ಏಳೂವರೆಯ ಪೂಜೆಗೆ ಚರ್ಚಿನಲ್ಲಿ ಎಲ್ಲರ ಹಣೆಗೂ ಉಪವಾಸ ಆರಂಭದ ಬೂದಿ ಹಚ್ಚಿದರು. ಕೊನೆಯ ಹಾಡು ಮುಗಿಯುವ ಮೊದಲೇ ಪೆರೀನಾ ಎದ್ದು ಬಂದು ನನ್ನ ಬೆಂಚಿನ ಬಳಿ ಬಾಗಿದಳು. ಗಂಟು ಗಲ್ಲಕ್ಕೆ ಒತ್ತುವಷ್ಟು ಬಿಗಿದಿತ್ತು.

"ಮೇಷ್ಟ್ರೆ, ನಿಮ್ಮನೇಲಿ ಹಾರೆ ಇದೆಯಾ?"

ಇತ್ತು. ಹಿಂಡು ಹಿಂದಿನ ರಾತ್ರಿಯಿಂದ ಮೂಗಿನಲ್ಲೇ ಇತ್ತು. ಕುರಿಗಳೆಲ್ಲ ತುಂಬಿದ ಬಸುರಿಯರು. ಹದಿನೈದು ದಿನದೊಳಗೆ ಈಯಬೇಕಾದವು. ಗಾಳಿ ಎದ್ದೊಡನೆ ಅವು ಗೋಡೆಯ ಮಗ್ಗುಲು ಸೇರುತ್ತವೆ. ಆ ಗೋಡೆ ಬೂರಾದ ಪೂರ್ತಿ ಭಾರವನ್ನು ಹೊತ್ತು ಬಿದ್ದರೆ ಅವುಗಳ ಮೇಲೆಯೇ ಬೀಳಬೇಕು. ಉಳಿದವುಗಳಿಗೆ ಮರೆಯಿರುವುದಿಲ್ಲ, ದಡವಿದೆ. ಕಿಂಡಿ ತೆರೆಯದೆ ಬೇರೆ ದಾರಿಯಿರಲಿಲ್ಲ.

ಹಾರೆಯನ್ನೂ ಆಕೆಯ ಸುತ್ತಿಗೆಯನ್ನೂ ತೆಗೆದುಕೊಂಡು ನಾವು ಮೊದಲು ಗಾಶ್ಪರನ ಮನೆಗೆ ಹೋದೆವು. ಅವನು ಪೂಜೆಗೆ ಬಂದಿರಲಿಲ್ಲ. ಅಡುಗೆಮನೆಯಲ್ಲಿ ಮರದ ಕೊಡತಿ ಹಿಡಿದು, ಮಾಂಸವಿಲ್ಲದ ದಿನದ ಊಟಕ್ಕೆಂದು ಒಣಮೀನು ಜಜ್ಜುತ್ತಿದ್ದ.

"ಗಾಶ್ಪರ್, ಒಳಗೆ ಬರ್ಲಾ?"

"ಬನ್ನಿ ಅತ್ತಿಗೆ. ಪಾಸ್‌ಪೋರ್ಟ್ ಕೇಳೋದು ಬೂರಾಗೆ ಮಾತ್ರ, ನಿಮಗಲ್ಲ."

"ಗೋಡೆ ಒಡೀಬೇಕು. ಈಗಲೇ."

ಕೊಡತಿ ನಿಲ್ಲಲಿಲ್ಲ. "ಯಾವ ಗೋಡೆ?"

"ನೀನು ಕಟ್ಟಿದ್ದು."

"ನಿನ್ನೆ ಊರೆಲ್ಲ ನಕ್ಕಿದ್ದು ಸಾಲ್ದು ಅಂತ ಇವತ್ತು ನಾನೇ ಹೋಗಿ ಒಡೀಬೇಕಾ? ಮೂವತ್ನಾಲ್ಕು ವರ್ಷದಲ್ಲಿ ನಾನು ಕಟ್ಟಿದ್ದು ಒಂದೂ ಬಿದ್ದಿಲ್ಲ, ಗೊತ್ತಾ?"

"ಅಲ್ಲಿ ಬೂರಾ ಇರ್ಲಿಲ್ಲ."

"ಬೇಸಿಗೇಲಿ ಚೆನ್ನಾಗಿದೆ ಅಂದ್ರಲ್ಲ?"

"ಕಷ್ಟಪಟ್ಟಿದ್ದೀಯ ಅಂದೆ. ಚೆನ್ನಾಗಿದೆ ಅನ್ಲಿಲ್ಲ."

ಆಗ ಕೊಡತಿ ನಿಂತಿತು. ಗಾಶ್ಪರ್ ನನ್ನನ್ನೂ ನನ್ನ ಕೈಯಲ್ಲಿದ್ದ ಹಾರೆಯನ್ನೂ ನೋಡಿದ.

"ಓಹೋ, ಮೇಷ್ಟ್ರೂ ಆಯುಧ ಹಿಡ್ಕೊಂಡೇ ಬಂದಿದ್ದಾರೆ. ಹೋಗಿ. ಕುರಿ ನಿಮ್ದು, ಹಾರೆ ನಿಮ್ದು. ಒಡೆಯೋಕಾದ್ರೆ ಒಡೀರಿ."

ಪೆರೀನಾ ಎರಡನೆಯ ಸಲ ಕೇಳಲಿಲ್ಲ. ಹೊರಗೆ ಬಂದಾಗ ಮೊದಲ ಗಾಳಿ ಬೀದಿಯ ಮೇಲಿನ ಕೊನೆಯಿಂದ ಇಳಿದು, ನಿನ್ನೆಯ ಹುಲ್ಲಿನ ಬೂದಿಯನ್ನು ಎತ್ತಿ, ನಮ್ಮ ಮುಖಕ್ಕೆ ಎರಚಿ ಹೋಯಿತು. ಒಂಬತ್ತು ಗಂಟೆ ಹತ್ತು ನಿಮಿಷ.

ಕಾರನ್ನು ರಸ್ತೆ ಮುಗಿಯುವಲ್ಲಿ, ಬಂಡೆಯೊಂದರ ಮರೆಗೆ ನಿಲ್ಲಿಸಿದೆ. ಅಲ್ಲಿಂದ ಗೋಡೆಗೆ ಬೇರೆ ದಿನಗಳಲ್ಲಾದರೆ ಇಪ್ಪತ್ತೈದು ನಿಮಿಷದ ನಡಿಗೆ. ಬೂರಾ ಒಂದೇ ಸಮನೆ ಬೀಸುವುದಿಲ್ಲ. ಹೊಡೆಯುತ್ತದೆ, ಬಿಡುತ್ತದೆ, ಮತ್ತೆ ಹೊಡೆಯುತ್ತದೆ. ಪೆರೀನಾ ಮುಂದಿದ್ದಳು. ಬಿಟ್ಟಾಗ ಸರಸರನೆ ಹೆಜ್ಜೆ ಹಾಕುತ್ತಿದ್ದಳು. ಇನ್ನೂ ಏನೂ ಕೇಳಿಸದಿರುವಾಗಲೇ ಒಮ್ಮೆಲೇ ನೆಲಕ್ಕೆ ಮುಖ ಕೆಳಗೆ ಮಾಡಿ ಮಲಗಿಬಿಡುತ್ತಿದ್ದಳು. ನಾನು ಅವಳು ಮಾಡಿದಂತೆ ಮಾಡಿದೆ. ಒಂದು ಸಲ ಅರೆಗಳಿಗೆ ತಡವಾಯಿತು. ನನ್ನ ಟೋಪಿ ಸಮುದ್ರದ ಕಡೆ ಹೋದದ್ದನ್ನು ಕಂಡೆ. ಅದು ಬೀಳುವುದನ್ನು ಕಾಣಲಿಲ್ಲ. ಜಲಸಂಧಿ ಹೊಗೆಯಾಡುತ್ತಿತ್ತು. ನೀರಿನ ಮೇಲ್ಪದರವನ್ನೇ ಗಾಳಿ ಕಿತ್ತು ಹೊತ್ತು ತರುತ್ತಿತ್ತು. ತುಟಿ ಉಪ್ಪಾಯಿತು, ಹುಬ್ಬಿನ ಮೇಲೆ ಆ ಉಪ್ಪುನೀರೇ ಹೆಪ್ಪುಗಟ್ಟಿತು.

ಗೋಡೆ ತಲುಪಿದಾಗ ಹತ್ತೂಕಾಲು. ಮೂವತ್ತೇಳೂ ಅಲ್ಲಿದ್ದವು. ಮರೆಯಲ್ಲಿ ಒಂದರ ಬೆನ್ನಿಗೊಂದು ಒತ್ತಿಕೊಂಡು, ತಲೆ ತಗ್ಗಿಸಿ, ಗೋಡೆಯುದ್ದಕ್ಕೂ ಮಲಗಿದ್ದವು. ಅಲ್ಲಿ ಗಾಳಿ ಇರಲೇ ಇಲ್ಲ. ಮಾತು ಕೇಳಿಸುವಷ್ಟು ಸದ್ದಡಗಿತ್ತು. ಅದೇ ಭಯ ಹುಟ್ಟಿಸುವಂತಿತ್ತು. ಪೆರೀನಾ ಕೈಗವಸು ಕಳಚಿ ಅಂಗೈಯನ್ನು ಗೋಡೆಗೆ ಒತ್ತಿದಳು.

"ಮುಟ್ಟಿ ನೋಡಿ."

ಕಲ್ಲು ನಡುಗುತ್ತಿತ್ತು. ಪ್ರತಿಯೊಂದು ಹೊಡೆತಕ್ಕೂ ಗೋಡೆಯ ಬುಡದಲ್ಲಿ, ಗಾರೆ ಬಂಡೆಗೆ ಅಂಟಿದ್ದ ಗೆರೆಯಿಂದ, ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಕಲ್ಲು ಒಂದೊಂದಾಗಿ ಉರುಳುವ ಗೋಡೆಯಲ್ಲ ಅದು. ಗಾಶ್ಪರ್ ಎಲ್ಲ ಕಲ್ಲುಗಳನ್ನೂ ಒಂದು ಮಾಡಿ ನಿಲ್ಲಿಸಿದ್ದ.

"ಬಿದ್ರೆ ಹಲಗೆ ಹಾಗೆ ಬೀಳುತ್ತೆ" ಎಂದಳು.

"ಕುರಿಗಳನ್ನ ಎಬ್ಬಿಸಿ ರಸ್ತೆ ಕಡೆ ಹೊಡೆಯೋಕೆ ಆಗಲ್ವಾ?"

"ಎದುರುಗಾಳಿಗೆ ಒಂದು ಹೆಜ್ಜೆ ಇಡಲ್ಲ ಅವು. ಮರೆ ಬಿಟ್ಟು ಎದ್ವೋ, ಆ ಕಡೆ." ಆಕೆ ತಲೆಯಲ್ಲೇ ದಡವನ್ನು ತೋರಿಸಿದಳು.

ನಾವು ಗೋಡೆಯ ಕೊನೆಯನ್ನು ಸುತ್ತಿ, ತೆವಳಿ, ಪೂರ್ವದ ಮಗ್ಗುಲಿಗೆ ಹೋದೆವು. ಅಲ್ಲಿ ಗಾಳಿಯೇ ನಮ್ಮನ್ನು ಗೋಡೆಗೆ ಅಂಟಿಸಿತು. ಹಾರೆಯ ತುದಿಯನ್ನು ಗಾರೆಗೆ ಕೊಟ್ಟು ನಾನು, ಸುತ್ತಿಗೆಯಿಂದ ಅವಳು, ಬಡಿಯುತ್ತಾ ಹೋದೆವು. ಕೈ ಎತ್ತುವುದೇ ಕಷ್ಟವಾಗಿತ್ತು. ಎತ್ತಿದ ಕೈಯನ್ನು ಗಾಳಿ ಬೇಕಾದಲ್ಲಿಗೆ ಒಯ್ಯುತ್ತಿತ್ತು. ನಲವತ್ತು ನಿಮಿಷದಲ್ಲಿ ಒಂದು ಕಲ್ಲು ಅಲುಗಾಡಿತು, ಹೊರಗೆ ಬರಲಿಲ್ಲ.

"ಹಾಳಾದವನು ಕೆಲಸಾನ ಚೆನ್ನಾಗೇ ಮಾಡಿದ್ದಾನೆ!" ಎಂದು ಆಕೆ ನನ್ನ ಕಿವಿಗೆ ಬಾಯಿಟ್ಟು ಕೂಗಿದಳು. ಕೂಗಿದ ಮೇಲೆ ಅವಳ ಮುಖ ಕಂಡೆ. ಬಯ್ಗುಳವಾಗಿರಲಿಲ್ಲ ಅದು; ಇನ್ನು ಹೊತ್ತು ಸಾಲದೆಂದು ಲೆಕ್ಕ ಮುಗಿಸಿದವಳ ಮಾತು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಯಾರೋ ನನ್ನ ಕಾಲು ಹಿಡಿದು ಎಳೆದರು. ಗಾಶ್ಪರ್ ಹೊಟ್ಟೆಯ ಮೇಲೆ ತೆವಳಿ ಬಂದಿದ್ದ. ಬೆನ್ನಿಗೆ ಚೀಲ, ಅದರಲ್ಲಿ ಎರಡು ಉಳಿ, ದೊಡ್ಡ ಸುತ್ತಿಗೆ. ಅವನು ನಮ್ಮ ಕೆಲಸವನ್ನು ನೋಡಿ ತಲೆಯಾಡಿಸಿದ.

"ನಡುಮಧ್ಯೆ ಬಡೀತಿದ್ದೀರಲ್ಲ, ಸಾಯೋ ತನಕ ಬಡೀಬೇಕು! ಸಂದು ಬಿಟ್ಟು ಕಲ್ಲು ಒಡೀತಾರಾ ಯಾರಾದ್ರೂ?"

ಅವನು ಕಣ್ಣು ಮುಚ್ಚಿ, ಅಂಗೈಯನ್ನು ಗೋಡೆಯ ಮೇಲೆ ಸರಿಸುತ್ತಾ ನಾಲ್ಕು ಹೆಜ್ಜೆ ಹೋಗಿ ನಿಂತ. "ಇಲ್ಲಿ. ಮೊದಲ ದಿನ ಇಲ್ಲಿ ನಿಲ್ಲಿಸಿದ್ದೆ. ಮಾರನೇ ದಿನದ ಗಾರೆ ಹಿಂದಿನ ದಿನದ್ದಕ್ಕೆ ಸರಿಯಾಗಿ ಕಚ್ಚಿರಲ್ಲ. ಒಂಬತ್ತು ದಿನ, ಎಂಟು ಸಂದು. ಎಂಟೂ ನಂಗೊತ್ತು."

ಆಮೇಲೆ ಅತ್ತಿಗೆಯ ಕಡೆ ತಿರುಗಿದ. "ಒಡೆದ ಕಲ್ಲು ಆ ಕಡೆಗೇ ಬೀಳೋದು. ಕುರಿ ಸರಿಸ್ಬೇಕು."

"ನಾನು ಸರಿಸ್ತೀನಿ."

"ಗೋಡೆ ಬೀಳೋದೂ ಆ ಕಡೆಗೇ, ಅತ್ತಿಗೆ."

"ಅವು ನಿನ್ನ ಮಾತು ಕೇಳಲ್ಲ" ಎಂದು ಹೇಳಿ ಪೆರೀನಾ ತೆವಳುತ್ತಾ ಮರೆಯ ಮಗ್ಗುಲಿಗೆ ಹೋದಳು.

ಗೋಡೆಯ ಒಂದು ಮಗ್ಗುಲಲ್ಲಿ ಕೂಗಿದ್ದು ಇನ್ನೊಂದಕ್ಕೆ ಕೇಳಿಸುತ್ತಿರಲಿಲ್ಲ. ಅದಕ್ಕೇ ಆಕೆ ಹೋಗುವ ಮೊದಲೇ ನನ್ನನ್ನು ಉತ್ತರದ ಕೊನೆಯಲ್ಲಿ ಮಲಗಿಸಿದ್ದರು. ಅಲ್ಲಿಂದ ಇಬ್ಬರೂ ಕಾಣುತ್ತಿದ್ದರು. ಆಕೆ ಕೈ ಎತ್ತಿದರೆ ನಾನು ಎತ್ತಬೇಕು, ಆಗ ಗಾಶ್ಪರ್ ಹೊಡೆಯಬೇಕು. ಆಕೆ ಇಳಿಸಿದರೆ ನಾನು ಇಳಿಸಬೇಕು, ಅವನು ನಿಲ್ಲಿಸಬೇಕು. ಅಷ್ಟೇ ನನ್ನ ಕೆಲಸ.

ಮೊದಲ ಸಂದು ಹನ್ನೆರಡು ಏಟಿಗೆ ಬಾಯಿ ಬಿಟ್ಟಿತು. ತಲೆಗಟ್ಟಿನಿಂದ ಮಂಡಿಯ ಮಟ್ಟದವರೆಗೆ ಒಂದು ಗೇಣು ಅಗಲದ ಸೀಳು. ಅದರಲ್ಲಿ ನುಗ್ಗಿದ ಬೂರಾ ಹಡಗಿನ ಸೈರನ್ನಿನಂತೆ ಕೂಗಿತು. ಎರಡು ಕುರಿಗಳು ಬೆಚ್ಚಿ ಎದ್ದವು. ಪೆರೀನಾ ಎರಡನ್ನೂ ಹಿಂಗಾಲು ಹಿಡಿದು ಕೆಡವಿ, ಮೇಲೆ ಒರಗಿದಳು. ಎರಡನೆಯ ಸಂದು ತೆರೆಯಿತು, ಮೂರನೆಯದೂ ತೆರೆಯಿತು. ಆ ಭಾಗದಲ್ಲಿ ಬುಡದ ಪುಡಿ ಉದುರುವುದು ನಿಂತದ್ದನ್ನು ನಾನು ಮಲಗಿದಲ್ಲಿಂದಲೇ ಕಂಡೆ. ಆದರೆ ಇನ್ನೂ ಮುಚ್ಚಿದ್ದ ಭಾಗಕ್ಕೆ ಭಾರ ಹೆಚ್ಚಾಗಿತ್ತು. ಮೂರನೆಯ ಮತ್ತು ನಾಲ್ಕನೆಯ ಸಂದುಗಳ ನಡುವೆ, ಸೊಂಟದೆತ್ತರದಲ್ಲಿ, ಅಡ್ಡಲಾಗಿ ಒಂದು ಗೆರೆ ಮೂಡಿತು.

ನಾಲ್ಕನೆಯ ಸಂದಿನ ಕೆಳಗೆ ಒಂದು ಕುರಿ ಈಯುತ್ತಿತ್ತು.

ಪೆರೀನಾ ಅದರ ಹಿಂದೆ ಮೊಣಕಾಲೂರಿ ಕುಳಿತದ್ದು ಕಾಣಿಸಿತು. ಮರಿಯ ಒಂದು ಕಾಲು ಹೊರಗೆ ಬಂದಿತ್ತು, ಇನ್ನೊಂದು ಬಂದಿರಲಿಲ್ಲ. ಆಕೆಯ ಕೈ ಕೆಳಗಿತ್ತು. ನಾನು ಕೈ ಇಳಿಸಿದೆ. ಗಾಶ್ಪರ್ ಸುತ್ತಿಗೆ ಎತ್ತಿದವನು ಹಾಗೆಯೇ ನಿಂತ. ಅವನಿಗೆ ಕಾಣುತ್ತಿದ್ದದ್ದು ಆ ಅಡ್ಡಗೆರೆ ಮಾತ್ರ. ಅದು ಅವನ ಕಣ್ಣೆದುರೇ ಉದ್ದವಾಗುತ್ತಿತ್ತು. ಅವನು ನನ್ನ ಕಡೆ ನೋಡಿ ಬಾಯಿ ತೆರೆದು ಏನೋ ಕೂಗಿದ. ನಾನು ಕೈ ಎತ್ತಲಿಲ್ಲ. ಒಂದು ಹೊಡೆತ ಬಂತು, ಹೋಯಿತು. ಇನ್ನೊಂದು ಬಂತು. ತಲೆಗಟ್ಟಿನಿಂದ ಒಂದು ಹೋಳು ಹಾರಿ, ಕುರಿಗಳ ಮೇಲಿಂದ ದಾಟಿ, ದಡದ ಕಡೆಗೆ ಉರುಳಿತು.

ಪೆರೀನಾ ತಲೆಯೆತ್ತಲಿಲ್ಲ. ಎಡಗೈಯನ್ನು ಕುರಿಯ ಒಳಗಿಟ್ಟುಕೊಂಡೇ ಬಲಗೈಯನ್ನು ಮೇಲೆತ್ತಿದಳು.

ನಾನು ಎತ್ತಿದೆ. ಎಷ್ಟು ಹೊತ್ತಿನ ಮೇಲೆ ಎತ್ತಿದೆ ಎಂಬುದನ್ನು ಅಂದು ಸಂಜೆ ಬರೆಯಲು ಕುಳಿತಾಗ ಲೆಕ್ಕ ಹಾಕಲು ಪ್ರಯತ್ನಿಸಿದೆ, ಆಗಲಿಲ್ಲ.

ಗಾಶ್ಪರ್ ನಾಲ್ಕು ಏಟು ಹಾಕಿದ. ಸಂದು ಬಿಟ್ಟುಕೊಂಡಿತು, ಅದರ ಜೊತೆಗೇ ಅಡ್ಡಗೆರೆಯೂ. ಮೂರನೆಯ ಮತ್ತು ನಾಲ್ಕನೆಯ ಸಂದುಗಳ ನಡುವಿನ ಗೋಡೆಯ ಮೇಲರ್ಧ, ನಾಲ್ಕು ಹೆಜ್ಜೆ ಅಗಲದ ಒಂದೇ ತುಂಡು, ನಿಧಾನವಾಗಿ ಬಾಗಿದಂತೆ ಕಂಡಿತು, ಆಮೇಲೆ ಅಲ್ಲಿರಲಿಲ್ಲ. ಕೆಳಗಿನ ಅರ್ಧ ನಿಂತಿತ್ತು. ತುಂಡು ಬುಡಕ್ಕೆ ಬೀಳದೆ, ಗಾಳಿಯ ಮೇಲೆ ಹೋಗಿ ಎರಡಾಳು ಆಚೆ ಬಿತ್ತು. ಬುಡಕ್ಕೆ ಒತ್ತಿ ಕುಳಿತಿದ್ದ ಪೆರೀನಾಳ ಮೇಲೂ ಆ ಕುರಿಯ ಮೇಲೂ ಬಿದ್ದದ್ದು ಬರಿಯ ಗಾರೆಯ ಚೂರು. ಆಚೆಗೆ ಸರಿದು ಮಲಗಿದ್ದ ಮೂರು ಕುರಿಗಳು ತುಂಡಿನ ಕೆಳಗಾದವು. ತುಂಡು ತಲೆಯ ಮೇಲಿಂದ ದಾಟುತ್ತದೆಂದು ಎಣಿಸಿಯೇ ತಾನು ಬುಡಕ್ಕೆ ಕುಳಿತಿದ್ದೆನೆಂದು ಆಕೆ ಎಂದೂ ಹೇಳಿಲ್ಲ. ಕೇಳಿದವರಿಗೆ, "ಕೈ ಒಳಗಿತ್ತು, ಎಲ್ಲಿಗೆ ಹೋಗ್ಲಿ?" ಎನ್ನುತ್ತಾಳೆ.

ಗಾಶ್ಪರ್ ಸುತ್ತಿಗೆ ಬಿಸಾಡಿ, ಗಾಳಿಯನ್ನು ಮರೆತು, ಎದ್ದು ನಿಂತು, ತೆರೆದ ಜಾಗದಲ್ಲಿ ತಲೆ ಹಾಕಿದ. "ಅತ್ತಿಗೆ! ಅತ್ತಿಗೆ!"

"ಕೂಗ್ಬೇಡ, ಕುರಿ ಹೆದರುತ್ತೆ" ಎಂದಳು. ಈಗ ಗೋಡೆ ಅರ್ಧವೇ ಇದ್ದುದರಿಂದ ಆ ಮಾತು ನನಗೂ ಕೇಳಿಸಿತು. "ಉಳಿದಿದ್ದು ಒಡಿ."

ಉಳಿದ ನಾಲ್ಕು ಸಂದುಗಳನ್ನು ತೆರೆಯುವಾಗ ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಗೋಡೆ ಕೂಗುತ್ತಿತ್ತು, ನಡುಗುತ್ತಿರಲಿಲ್ಲ. ಗಾಳಿ ಎರಡು ದಿನ ಬೀಸಿತು, ದ್ವೀಪದ ಸೇತುವೆ ಮುಚ್ಚಿದರು, ಚರ್ಚಿನ ಮಾಡಿನಿಂದ ಅರವತ್ತು ಹಂಚು ಹೋದವು. ಗೋಡೆಯಿಂದ ಇನ್ನೊಂದು ಕಲ್ಲೂ ಬೀಳಲಿಲ್ಲ. ಮೂವತ್ತನಾಲ್ಕು ಕುರಿ ಉಳಿದವು. ಆ ಮರಿ ಬದುಕಿತು. ತುಂಡಿನ ಕೆಳಗಾದ ಮೂರರ ಹೊಟ್ಟೆಯಲ್ಲಿದ್ದವನ್ನು ಹೊರತೆಗೆಯಲು ಪೆರೀನಾ ಪ್ರಯತ್ನಿಸಿದಳು, ಒಂದೂ ಉಸಿರಾಡಲಿಲ್ಲ.

ಅಂದು ಎರಡು ಗಂಟೆಯ ಹೊತ್ತಿಗೆ ನಾವು ಮೂವರೂ ಕುರಿಗಳ ನಡುವೆಯೇ, ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದೆವು. ಪೆರೀನಾ ತನ್ನ ಬುತ್ತಿಯಿಂದ ಬ್ರೆಡ್ಡನ್ನೂ ಈರುಳ್ಳಿಯನ್ನೂ ತೆಗೆದು ಗಾಶ್ಪರನಿಗೆ ಮೊದಲು ಕೊಟ್ಟಳು.

"ಬೇಸಿಗೇಲೇ ಹೇಳ್ಬಹುದಿತ್ತಲ್ಲ, ಅತ್ತಿಗೆ."

"ಹೇಳ್ಬೇಕಿತ್ತು."

"ಸೆಪ್ಟೆಂಬರಲ್ಲಿ ಆ ತೂತು..."

"ನಾನೇ."

ಅವನು ಬ್ರೆಡ್ಡನ್ನು ಅಗಿದು ನುಂಗಿದ. "ನಿನ್ನೆ ಆ ಯೂರೆಗೆ ಹೇಳ್ಕೊಟ್ಟಿದ್ದೂ ನೀವೇನಾ?"

"ಅಲ್ಲ. ನಕ್ಕಿದ್ದು ಹೌದು."

"ಅದು ಕಂಡೆ" ಎಂದ ಗಾಶ್ಪರ್. "ಜರ್ಮನ್ ಭಾಷೇಲಿ ಒಪ್ಪಿಗೆ ಅಂದಾಗ ನಂಗೂ ನಗು ಬಂತು" ಎಂದ. ಸತ್ತ ಕುರಿಗಳು ಎದುರಿಗೇ ಇದ್ದವು; ಯಾರೂ ನಗಲಿಲ್ಲ.

ಆ ವಸಂತದಲ್ಲಿ ಅವರಿಬ್ಬರೂ ಸೇರಿ ಬಿದ್ದ ಭಾಗವನ್ನು ಒಣಕಲ್ಲಿನಿಂದ ಕಟ್ಟಿದರು. ಆಕೆ ಕುಳಿತು ಹೇಳಿದಳು, ಅವನು ಇಟ್ಟ. ಒಂದು ಕಲ್ಲನ್ನು ಅವನಿಂದ ಏಳು ಸಲ ತೆಗೆಸಿ ಇಡಿಸಿದ್ದನ್ನು ನಾನು ನೋಡಿದ್ದೇನೆ. ಅವನು ಪ್ರತಿ ಸಲವೂ ಬೇರೆ ಬೇರೆ ಸಂತರ ಹೆಸರು ಹಿಡಿದು ಗೊಣಗಿದ, ಆದರೂ ತೆಗೆದಿಟ್ಟ.

ಬದಲಾವಣೆ ಏನಾದರೂ ಆಗಿದ್ದರೆ ಅದು ಪೆರೀನಾಳ ಮಾತಿನಲ್ಲಿ. ಗಾಳಿಯ ಬಗ್ಗೆ ಈಗಲೂ ಆಕೆ ಮಾತನಾಡುವುದಿಲ್ಲ. ಆದರೆ ಅದಕ್ಕೆ ಎದುರಾಗಿ ಯಾರಾದರೂ ತಪ್ಪಾಗಿ ಏನನ್ನಾದರೂ ಮಾಡಿದ್ದು ಕಂಡರೆ, ನಿಂತು, ಅವರ ಮುಖ ನೋಡಿ, ಹೇಳಿಯೇ ಮುಂದೆ ಹೋಗುತ್ತಾಳೆ. ಹೊಸದಾಗಿ ಬೇಲಿ ಹಾಕಿಸಿದ ಪಾದ್ರಿಯವರೂ ಅದರಿಂದ ತಪ್ಪಿಸಿಕೊಂಡಿಲ್ಲ. ಈಸ್ಟರ್ ಮುಗಿದ ಭಾನುವಾರ ಗಾಶ್ಪರ್ ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದ. ಹುರಿದ ಕುರಿಮಾಂಸ, ಅವನೇ ಮಾಡಿದ ವೈನು, ಹೊಸದಾಗಿ ಸುಣ್ಣ ಬಳಿದ ಅಡುಗೆಮನೆ. ಅವನು ಮನೆಗೆ ಮಾಡಿಸಿದ ರಿಪೇರಿಗಳನ್ನೆಲ್ಲ ಒಂದೊಂದಾಗಿ ತೋರಿಸಿ ಬಂದು ಕುಳಿತ. ಪೆರೀನಾ ತಟ್ಟೆಯನ್ನು ಬದಿಗೆ ಸರಿಸಿದಳು.

"ಎಲ್ಲಾ ಚೆನ್ನಾಗಿದೆ ಗಾಶ್ಪರ್. ಹೊಗೆಗೂಡಿನ ಬಾಯಿ ಮಾತ್ರ ಬೆಟ್ಟದ ಕಡೆಗಿದೆ. ಮುಂದಿನ ಬೂರಾಗೆ ಹೊಗೆಯೆಲ್ಲ ಈ ಮೇಜಿನ ಮೇಲೆ."

ಗಾಶ್ಪರ್ ಲೋಟ ಕೆಳಗಿಟ್ಟ. ನನ್ನ ಕಡೆ ನೋಡಿದ. ನಾನು ಮಾಂಸದ ಕಡೆ ನೋಡಿದೆ.

"ಮತ್ತೇನಾದ್ರೂ ಇದೆಯಾ, ಅತ್ತಿಗೆ?"

"ಇದೆ. ಮೊದಲು ಇದು ಸರಿ ಮಾಡು."

ಅವನು ಏಣಿ ತರಲು ಹಿತ್ತಿಲಿಗೆ ಹೋದ.